ಚೀಲದಲ್ಲಿ ಎರಡೇ ಲೆನ್ಸ್

ಒಂದು ಭಾನುವಾರ ಬೆಳಿಗ್ಗೆ ನನ್ನ ಕ್ಯಾಮೆರಾ ಚೀಲವನ್ನು ನಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿ ಮೇಲಿಟ್ಟೆ. 6 ಕೆಜಿ 200 ಗ್ರಾಂ ತೋರಿಸಿತು. ಅಂಗಡಿಯವರು, "ಇದನ್ನ ಹೊತ್ಕೊಂಡು ಎಷ್ಟು ದೂರ ನಡೀತೀರಕ್ಕ?" ಅಂತ ಕೇಳಿದರು. ಹಿಂದಿನ ವಾರವಷ್ಟೇ ಹಂಪಿಯಲ್ಲಿ ಎರಡು ದಿನ ನಡೆದು ಬಂದಿದ್ದೆ. ಬಲ ಭುಜದ ಮೇಲೆ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು.

ಚೀಲದಲ್ಲಿ ನಿಕಾನ್ ಡಿ7200 ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಇತ್ತು. ಅದಕ್ಕೆ ಹಾಕಿದ್ದು 18-140 ಝೂಮ್. (ಈ ಅಂಕಿಗಳು ಎಂಎಂ ಲೆಕ್ಕ. ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ದೇವಸ್ಥಾನದ ಒಳಗೆ ಜಾಗ ಸಾಲದಿದ್ದರೆ ಅಂತ ಟೋಕಿನಾ 11-16. ಹಕ್ಕಿ ಕಂಡರೆ ಅಂತ 70-300. ಕೆತ್ತನೆಗೆ ತೀರಾ ಹತ್ತಿರ ಹೋಗಬೇಕಾದರೆ ಅಂತ 105 ಮ್ಯಾಕ್ರೋ. ಕತ್ತಲಾದರೆ ಅಂತ 35 ಎಂಎಂ, ಎಫ್ 1.8. (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ತೆರೆದು ಬೆಳಕು ಒಳಗೆ ಬಿಡುತ್ತದೆ.) ಜೊತೆಗೆ ಚಾರ್ಜರ್, ನೀರು, ಛತ್ರಿ. ಒಂದೊಂದು ಲೆನ್ಸಿನ ಹಿಂದೆಯೂ ಒಂದೊಂದು ‘ಅಂತ’ ಇತ್ತು.

ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಒಂದು ಕೆಲಸ ಮಾಡಿದೆ. ಪ್ರತಿ ಫೋಟೋದ ಫೈಲಿನಲ್ಲೂ ಯಾವ ಲೆನ್ಸ್, ಎಷ್ಟು ಎಂಎಂ ಅನ್ನೋದು ತಾನೇ ದಾಖಲಾಗಿರುತ್ತದೆ. ಅದನ್ನು ಹಿಡಿದು ಲೆಕ್ಕ ಹಾಕಿದೆ. ಎರಡು ದಿನದಲ್ಲಿ ಆರುನೂರರ ಹತ್ತಿರ ಫೋಟೋ ತೆಗೆದಿದ್ದೆ. ಮುಕ್ಕಾಲು ಪಾಲು 18-140ರಲ್ಲಿ. 70-300ರಲ್ಲಿ ಹನ್ನೊಂದು, ಅದರಲ್ಲಿ ಒಂಬತ್ತು ಒಂದೇ ಗಿಳಿಯದ್ದು. 105 ಮ್ಯಾಕ್ರೋದಲ್ಲಿ ಒಂದೂ ಇಲ್ಲ. ಮುಕ್ಕಾಲು ಕೆಜಿ ಗಾಜನ್ನು ಮೈಸೂರಿನಿಂದ ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಯ್ದು, ಮತಂಗ ಬೆಟ್ಟ ಹತ್ತಿಸಿ, ಇಳಿಸಿ, ಚೀಲದಿಂದ ಆಚೆಗೇ ತೆಗೆಯದೆ ವಾಪಸ್ ತಂದಿದ್ದೆ.

ಆಮೇಲೆ ಇಡೀ ವರ್ಷದ ಫೋಟೋಗಳನ್ನು ಹೀಗೇ ನೋಡಿದೆ. ಎಲ್ಲವನ್ನೂ ಅಲ್ಲ. ನಾನು ಪ್ರಿಂಟ್ ಹಾಕಿಸಿದ್ದು, ಯಾರಿಗಾದರೂ ಕೊಟ್ಟಿದ್ದು, ಇವತ್ತಿಗೂ ನೋಡಬೇಕು ಅನ್ನಿಸುವುದು, ಇಷ್ಟನ್ನು ಮಾತ್ರ. ಹೆಚ್ಚಿನವು ಎರಡು ಕಡೆ ಗುಂಪಾಗಿದ್ದವು. ಒಂದು ಗುಂಪು 30ರಿಂದ 40 ಎಂಎಂ ನಡುವೆ, ಇನ್ನೊಂದು 200ರಿಂದ ಆಚೆ. ನಡುವೆ ಅಲ್ಲೊಂದು ಇಲ್ಲೊಂದು. ನೀವೂ ಹೊಸ ಲೆನ್ಸ್ ತಗೊಳ್ಳುವ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಒಂದು ಸಂಜೆಯ ಕೆಲಸ, ಅಷ್ಟೇ.

‘ನಡುವೆ ಖಾಲಿ ಬಿಟ್ಟರೆ ಹೇಗೆ?’ ಅನ್ನೋ ಭಯ ನನಗೂ ಇತ್ತು. 35 ಮತ್ತು 70-300, ಈ ಎರಡನ್ನೇ ಒಯ್ದರೆ 35 ಆದ ಮೇಲೆ ಸೀದಾ 70. ಮಧ್ಯದ್ದು ಯಾರು ತೆಗೆಯುತ್ತಾರೆ? ಡಿ7200ರ ಫೋಟೋ 6000ಕ್ಕೆ 4000 ಪಿಕ್ಸೆಲ್ ಇರುತ್ತದೆ. 35ರಲ್ಲಿ ತೆಗೆದದ್ದನ್ನು ಉದ್ದ ಅಗಲ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ 70ರಲ್ಲಿ ಕಾಣುವಷ್ಟೇ ನೋಟ ಸಿಗುತ್ತದೆ. ಉಳಿಯುವುದು 3000ಕ್ಕೆ 2000 ಪಿಕ್ಸೆಲ್. ಅದರಲ್ಲಿ 12 ಇಂಚಿಗೆ 8 ಇಂಚಿನ ಪ್ರಿಂಟ್ ಚೆನ್ನಾಗೇ ಬರುತ್ತದೆ. ನನ್ನ ಮನೆಯ ಗೋಡೆ ಮೇಲಿರುವ ಒಂದು ಫೋಟೋ ಹಾಗೆ ಕತ್ತರಿಸಿದ್ದೇ.

‘ಕಾಲೇ ಝೂಮ್, ಎರಡು ಹೆಜ್ಜೆ ಮುಂದೆ ಹೋದರಾಯಿತು’ ಅಂತಾರಲ್ಲ, ಅದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಗೊತ್ತಲ್ವಾ, ಐವತ್ತು ರೂಪಾಯಿ ನೋಟಿನಲ್ಲಿರುವುದು. ಅದರ ಮುಂದೆ ತೀರಾ ಹತ್ತಿರ ನಿಂತು 18ರಲ್ಲಿ ತೆಗೆದರೆ ರಥ ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಹಿಂದಿನ ಇಟ್ಟಿಗೆ ಗೋಪುರ ಎಲ್ಲೋ ಮೂಲೆಯಲ್ಲಿ ಸಣ್ಣಗಾಗುತ್ತದೆ. ಹಿಂದೆ ಹಿಂದೆ ಸರಿದು 100ರಲ್ಲಿ ತೆಗೆಯಿರಿ. ರಥ ಚಿತ್ರದಲ್ಲಿ ಅಷ್ಟೇ ದೊಡ್ಡದಿರುತ್ತದೆ, ಗೋಪುರ ಮಾತ್ರ ಬೆಳೆದು ರಥದ ಬೆನ್ನಿಗೇ ಬಂದು ನಿಂತಿರುತ್ತದೆ. ಹೆಜ್ಜೆ ಬದಲಾದರೆ ಚಿತ್ರವೇ ಬೇರೆ. ಹಾಗಾಗಿ ನನ್ನ ಎರಡು ಲೆನ್ಸ್ ಒಂದಕ್ಕೊಂದು ಹತ್ತಿರದವಾಗಿರಬಾರದು. ಎರಡೂ ಬೇರೆ ಬೇರೆ ಕಡೆ ನಿಂತು ನೋಡುವಂತಿರಬೇಕು.

(ಲೆನ್ಸೇ ಇಲ್ಲದ ಒಂದು ಚಿತ್ರವೂ ಹಂಪಿಯಲ್ಲಿದೆ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬರುವ ಬೆಳಕು ಗೋಪುರವನ್ನು ಗೋಡೆ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.)

ನಾನು ನಿಜವಾಗಿ ಪಾಠ ಕಲಿತದ್ದು ಮೇಲುಕೋಟೆಯಲ್ಲಿ. ವೈರಮುಡಿ ಉತ್ಸವ. ವೈರಮುಡಿ ಅನ್ನೋ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುತ್ತಾರೆ. ರಾತ್ರಿ ಚೆಲುವನಾರಾಯಣಸ್ವಾಮಿಗೆ ಅದನ್ನು ತೊಡಿಸಿ ಗರುಡ ವಾಹನದ ಮೇಲೆ ಮೆರವಣಿಗೆ ತರುತ್ತಾರೆ. ಆ ಕ್ಷಣಕ್ಕಾಗಿ ಸಂಜೆಯಿಂದಲೇ ಬೀದಿಯ ಮೂಲೆಯಲ್ಲಿ ಜಾಗ ಹಿಡಿದು ನಿಂತಿದ್ದೆ. ಕ್ಯಾಮೆರಾದಲ್ಲಿ 70-300 ಇತ್ತು. ಉತ್ಸವ ದೂರದಲ್ಲಿ ಬರುವಾಗ ಕಿರೀಟ ಹತ್ತಿರ ಕಾಣಲಿ ಅನ್ನೋದು ನನ್ನ ಯೋಚನೆ. ಎದುರಿನ ಮನೆಯ ಜಗುಲಿ ಕಡೆ ತಿರುಗಿಸಿ ಒಂದು ಫೋಟೋ ತೆಗೆದು ನೋಡಿದೆ. ಬರೀ ಮಸುಕು. ಆ ಲೆನ್ಸ್ 300ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 35 ಎಫ್ 1.8ರವರೆಗೆ ತೆರೆಯುತ್ತದೆ. ಬೆಳಕಿನ ಲೆಕ್ಕದಲ್ಲಿ ಎರಡಕ್ಕೂ ಸುಮಾರು ಹತ್ತು ಪಟ್ಟು ವ್ಯತ್ಯಾಸ. 35ರಲ್ಲಿ ಸೆಕೆಂಡಿನ 125ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬಿಟ್ಟರೆ ಸಾಕು ಅಂದರೆ 70-300ರಲ್ಲಿ 13ನೇ ಒಂದು ಭಾಗ ಬೇಕು. ಅಷ್ಟು ಹೊತ್ತು ಯಾರ ಕೈಯೂ ನಿಲ್ಲುವುದಿಲ್ಲ, ಮೆರವಣಿಗೆಯೂ ನಿಲ್ಲುವುದಿಲ್ಲ.

ಲೆನ್ಸ್ ಬದಲಾಯಿಸಲು ಶುರು ಮಾಡಿದೆ. ಚೀಲವನ್ನು ಎದೆಗೆ ತಿರುಗಿಸಿಕೊಂಡೆ. ಚೈನು ಎಳೆದೆ. 35ರ ಹಿಂದಿನ ಮುಚ್ಚಳ ತೆಗೆದು ಸೆರಗಿನ ಗಂಟಿನಲ್ಲಿ ಸಿಕ್ಕಿಸಿದೆ. 70-300 ಬಿಚ್ಚಿ ಕಂಕುಳಲ್ಲಿ ಹಿಡಿದೆ. ಕ್ಯಾಮೆರಾದ ಬಿಳಿ ಚುಕ್ಕೆಗೆ ಲೆನ್ಸಿನ ಬಿಳಿ ಚುಕ್ಕೆ ಸೇರಿಸಿ ತಿರುಗಿಸಬೇಕು, ಆಗಲೇ ಅದು ಟಕ್ ಅಂತ ಕೂರುವುದು. ಕತ್ತಲೆಯಲ್ಲಿ ಚುಕ್ಕೆ ಕಾಣಲಿಲ್ಲ. ಬೆರಳಲ್ಲಿ ಸವರಿ ಹುಡುಕುತ್ತಿದ್ದೆ. ಹಿಂದಿನಿಂದ ಜನ ನೂಕಿದರು. "ಗೋವಿಂದಾ ಗೋವಿಂದ" ಅಂತ ಇಡೀ ಬೀದಿ ಒಂದೇ ದನಿಯಲ್ಲಿ ಕೂಗಿತು. ಪಕ್ಕದಲ್ಲಿದ್ದ ಅಜ್ಜಿ ಎರಡೂ ಕೈ ಎತ್ತಿ ಅಳುತ್ತಿದ್ದರು. ಟಕ್ ಅಂತ ಶಬ್ದ ಬಂದು ನಾನು ತಲೆ ಎತ್ತುವಷ್ಟರಲ್ಲಿ ಉತ್ಸವ ನಮ್ಮ ಮೂಲೆ ದಾಟಿ ತಿರುಗಿತ್ತು. ಗರುಡನ ಬೆನ್ನು ಮಾತ್ರ ಕಂಡಿತು.

ಫೋಟೋ ಹೋದದ್ದಕ್ಕಿಂತ, ನಾನು ಕಣ್ಣಾರೆ ನೋಡಲೂ ಇಲ್ಲವಲ್ಲ ಅನ್ನೋದು ಬಹಳ ದಿನ ಕೊರೆಯಿತು.

ಮರುವರ್ಷ ಮತ್ತೆ ಹೋದೆ. ಕ್ಯಾಮೆರಾ, ಅದರಲ್ಲಿ 35, ಅಷ್ಟೇ. ಚೀಲವೇ ಇಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಅಳತೆ) 3200ಕ್ಕೆ ಇಟ್ಟು ಅಲ್ಲಿಗೇ ಬಿಟ್ಟೆ. ಕಿರೀಟ ಚಿತ್ರದಲ್ಲಿ ಸಣ್ಣದಾಗಿ ಬಂತು, ನಿಜ. ಅದರ ಸುತ್ತ ಎತ್ತಿದ ಕೈಗಳು, ಬೆಳಕು ಬಿದ್ದ ಮುಖಗಳು, ಅಪ್ಪನ ಹೆಗಲ ಮೇಲೆ ಕೂತು ನಿದ್ದೆ ಹೋದ ಒಂದು ಮಗು. ಗೋಡೆ ಮೇಲೆ ಇದೆ ಅಂದೆನಲ್ಲ, ಆ ಫೋಟೋ ಇದೇ.

ಜನ ಇರುವ ಕಡೆ ಒಂದೇ ಲೆನ್ಸ್ ಅಂತ ಅಲ್ಲಿಂದ ನಿರ್ಧಾರವಾಯಿತು. ಮೈಸೂರಿನ ದೇವರಾಜ ಮಾರುಕಟ್ಟೆಗೆ ನಾನು ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ. ಮುಂಚೆ 70-300 ಹಾಕಿಕೊಂಡು ದೂರದಿಂದ ತೆಗೆಯುತ್ತಿದ್ದೆ. ಹತ್ತಿರ ಹೋಗಲು ಸಂಕೋಚ. ಹೂವಿನ ಸಾಲಿನಲ್ಲಿ ಒಬ್ಬರು ನನ್ನನ್ನು ಕಂಡ ಕೂಡಲೇ ಮುಖ ಆ ಕಡೆ ತಿರುಗಿಸುತ್ತಿದ್ದರು. ಒಂದು ದಿನ 35 ಹಾಕಿಕೊಂಡು ಹೋಗಿ, ಮೊದಲು ಎರಡು ಮೊಳ ಮಲ್ಲಿಗೆ ಕೊಂಡೆ. ಅವರೇ ಕ್ಯಾಮೆರಾ ನೋಡಿ, "ಇವತ್ತೇನವ್ವಾ ಸಣ್ಣುದ್ ತಂದಿದೀಯ? ಆ ದೊಡ್ಡುದ್ ನಮ್ ಕಡೆ ತಿರುಗ್ಸುದ್ರೆ ಎದೆ ಝಲ್ ಅಂತದೆ" ಅಂದರು. ಅವತ್ತು ಮೂರು ಅಡಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆದೆ. ಮೊಣಕೈಯಿಂದ ಬೆರಳ ತುದಿವರೆಗೆ ದಾರ ಹಿಡಿದು ಅಳೆಯುವುದು, ಕೊನೆಗೆ ಒಂದು ಗೇಣು ಜಾಸ್ತಿ ಬಿಟ್ಟು ಹಲ್ಲಲ್ಲಿ ಕಚ್ಚಿ ಕಡಿಯುವುದು. ಡಿ7200ನಂಥ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು. 35ನ್ನು ಒಂದೂವರೆಯಿಂದ ಗುಣಿಸಬೇಕು, ಫಿಲಂ ಕ್ಯಾಮೆರಾದ 50ರ ಆಸುಪಾಸಿನ ನೋಟ ಬರುತ್ತದೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸಾನ್ ಬದುಕಿನ ಬಹುಪಾಲು ಕೆಲಸ ಮಾಡಿದ್ದು 50 ಎಂಎಂ ಲೆನ್ಸಿನಲ್ಲೇ. ಹಾಗಾಗಿ ಒಂದೇ ಲೆನ್ಸಿನಲ್ಲಿ ಏನಾಗುತ್ತೆ ಅಂತ ಯಾರೂ ಅನುಮಾನ ಪಡಬೇಕಾಗಿಲ್ಲ.

ಬಳಸದ ಲೆನ್ಸ್ ಮನೆಯಲ್ಲಿದ್ದರೇನು, ಹೊರದಿದ್ದರಾಯಿತು ಅಂತ ಅನ್ನಿಸಬಹುದು. ನನ್ನ ತವರು ತೀರ್ಥಹಳ್ಳಿ ಕಡೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಹಂಪಿಯಲ್ಲಿ ಆಚೆಗೇ ತೆಗೆಯದ ಆ 105ನ್ನು ಒಂದು ಮಳೆಗಾಲ ಅಮ್ಮನ ಮನೆಯ ಕಪಾಟಿನಲ್ಲಿ, ಅದರ ಬಟ್ಟೆ ಚೀಲದಲ್ಲೇ ಬಿಟ್ಟಿದ್ದೆ. ದೀಪಾವಳಿಗೆ ಹೋದಾಗ ತೆಗೆದು, ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ಜೇಡರ ಬಲೆಯ ಹಾಗೆ ಬೆಳ್ಳಗೆ ಎಳೆಗಳು. ಫಂಗಸ್. ಬಿಚ್ಚಿಸಿ ಒರೆಸಿದರೂ ಎಳೆ ಹಬ್ಬಿದ ಕಡೆ ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ತಿಂದುಹೋಗಿತ್ತು. ಬಿಸಿಲಿಗೆ ಎದುರಾಗಿ ತೆಗೆದರೆ ಈಗಲೂ ಚಿತ್ರ ಮಂಕಾಗುತ್ತದೆ. ಅದೇ ಮಳೆಗಾಲದಲ್ಲಿ ದಿನಾ ಹೊರಗೆ ಬರುತ್ತಿದ್ದ 35ಕ್ಕೆ ಏನೂ ಆಗಿರಲಿಲ್ಲ.

ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ ಇಡುತ್ತೇನೆ. ಪಕ್ಕದಲ್ಲಿ ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದಿದೆ ಅಂತ ಅರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಬೇರೆ ಬಾಣಲೆ ಇಟ್ಟುಕೊಳ್ಳಿ, ಅಡುಗೆಯದ್ದು ಬೇಡ, ಆ ನೀಲಿ ಒಳ್ಳೆಯದಲ್ಲ. ಆರು ತಿಂಗಳು ಡಬ್ಬಿಯಿಂದ ಆಚೆ ಬರದ ಲೆನ್ಸನ್ನು ಮಾರಿಬಿಡುತ್ತೇನೆ. 11-16 ಹಾಗೇ ಹೋಯಿತು.

ರಂಗನತಿಟ್ಟಿಗೆ ಮಾತ್ರ ಲೆಕ್ಕ ಬೇರೆ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನಿಂದ 1940ರಲ್ಲಿ ಪಕ್ಷಿಧಾಮವಾದ ಆ ತಿಟ್ಟುಗಳಿಗೆ ಬೇಸಿಗೆಯ ಶುರುವಿನಲ್ಲಿ ಹೋದರೆ ಬಣ್ಣದ ಕೊಕ್ಕರೆಗಳ ಗೂಡು ತುಂಬಿರುತ್ತವೆ. ಅಲ್ಲಿಗೆ 35 ಒಂದನ್ನೇ ಒಯ್ದರೆ ಏನೂ ಆಗುವುದಿಲ್ಲ. ಒಮ್ಮೆ ಗೆಳತಿಯ 150-600 ಎರವಲು ತಂದಿದ್ದೆ. ಹತ್ತಿರ ಹತ್ತಿರ ಎರಡು ಕೆಜಿ. ದೋಣಿಯಲ್ಲಿ ಟ್ರೈಪಾಡ್ ನಿಲ್ಲುವುದಿಲ್ಲ, ಕೈಯಲ್ಲೇ ಹಿಡಿಯಬೇಕು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಎಡಗೈ ನಡುಗಲು ಶುರುವಾಯಿತು. ದೋಣಿಯವರು ಬಂಡೆ ಮೇಲೆ ಮಲಗಿದ್ದ ಮೊಸಳೆಯ ಪಕ್ಕಕ್ಕೇ ಒಯ್ದರು, ನನಗೆ ಸಿಕ್ಕಿದ್ದು ಅದರ ತಲೆಯಷ್ಟೇ. ಈಗ ಅಲ್ಲಿಗೆ 70-300 ಹಾಕಿಕೊಂಡು, 18-140 ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ದೋಣಿ ಹತ್ತುವ ಮುಂಚೆ ಯಾವುದು ಹಾಕಿದ್ದೇನೋ ಇಳಿಯುವವರೆಗೂ ಅದೇ. ನೀರಿನ ಮಧ್ಯೆ ಲೆನ್ಸ್ ಬಿಚ್ಚುವುದಿಲ್ಲ.

ನೆಂಟರ ಮದುವೆಗೆ ಎರಡನೇ ಬಾಡಿ ಎರವಲು ತರುತ್ತೇನೆ. ಧಾರೆ ಹೊತ್ತಲ್ಲಿ ಲೆನ್ಸ್ ಬದಲಾಯಿಸುವ ಪ್ರಶ್ನೆಯೇ ಇಲ್ಲ.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ 35 ಹಿಡಿದು ವಾಕಿಂಗ್ ಮಾಡುವವರ ಫೋಟೋ ತೆಗೆಯುತ್ತಿದ್ದೆ. ಹೆಜ್ಜಾರ್ಲೆಗಳು (ಪೆಲಿಕನ್) ಸಾಲಾಗಿ ಬಂದು ಮೀನನ್ನು ದಡದ ಕಡೆ ಅಟ್ಟಿ, ಎಲ್ಲಾ ಒಟ್ಟಿಗೆ ಕೊಕ್ಕು ಮುಳುಗಿಸಿದವು. ಐದಾರು ಸಲ ಹಾಗೆ ಮಾಡಿದವು. 70-300 ಮನೆಯ ಡಬ್ಬಿಯಲ್ಲಿತ್ತು. ಆಮೇಲೆ ಎಷ್ಟೋ ಬೆಳಿಗ್ಗೆ ಅದೇ ಲೆನ್ಸ್ ಹಾಕಿಕೊಂಡು ಅದೇ ಜಾಗದಲ್ಲಿ ಕಾದಿದ್ದೇನೆ. ಅಂಥದ್ದು ಮತ್ತೆ ಸಿಕ್ಕಿಲ್ಲ. ಇವತ್ತಿಗೂ ಬೇಜಾರಿದೆ. ಹಾಗಂತ ಮಾರನೇ ದಿನದಿಂದ ಎಲ್ಲವನ್ನೂ ಹೊರಲು ಶುರು ಮಾಡಲಿಲ್ಲ.

ಹೋಗುವ ಹಿಂದಿನ ರಾತ್ರಿಯೇ ನಾನು ಚೀಲ ಕಟ್ಟುತ್ತೇನೆ. ನಾಳೆ ಯಾವ ಒಂದು ಚಿತ್ರ ಸಿಗದಿದ್ದರೆ ಸಂಕಟವಾಗುತ್ತೆ ಅಂತ ಕೇಳಿಕೊಳ್ಳುತ್ತೇನೆ. ಅದರ ಲೆನ್ಸ್ ಕ್ಯಾಮೆರಾಕ್ಕೆ ಹಾಕುತ್ತೇನೆ. ಅದಕ್ಕೆ ತೀರಾ ಬೇರೆಯದೊಂದು ಚೀಲಕ್ಕೆ. ಬೆಳಿಗ್ಗೆ ಎದ್ದ ಮೇಲೆ ಡಬ್ಬಿ ತೆಗೆಯುವುದಿಲ್ಲ. ಬಾಗಿಲ ಹತ್ತಿರ ನಿಂತಾಗಲೇ ‘ಅದೂ ಇರಲಿ’ ಅನ್ನಿಸುವುದು.

ಈಚೆಗೊಮ್ಮೆ ಅಕ್ಕನ ಮಗಳು ಬಂದಿದ್ದಳು. ಕ್ಯಾಮೆರಾ ಕೊಂಡು ಆರು ತಿಂಗಳಾಗಿತ್ತು, ಜೊತೆಗೆ ಬಂದ 18-55 ಒಂದೇ ಇತ್ತು. "ಚಿಕ್ಕಮ್ಮ, ಇನ್ನೊಂದು ಯಾವುದು ತಗೊಳ್ಳಲಿ?" ಅಂದಳು. ನನ್ನ 35ನ್ನೇ ಹೇಳಬೇಕು ಅಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವಳ ಲೆನ್ಸನ್ನು 35ಕ್ಕೆ ತಿರುಗಿಸಿ, ಅಲುಗಾಡದ ಹಾಗೆ ಕಾಗದದ ಟೇಪ್ ಸುತ್ತಿ ಕೊಟ್ಟೆ. ಒಂದು ತಿಂಗಳು ಬಿಚ್ಚಬೇಡ ಅಂದೆ. ತಿಂಗಳಾದ ಮೇಲೆ ಫೋಟೋ ತೋರಿಸಲು ಬಂದಳು. ಪೂರ್ತಿ ಅವಳ ಅಜ್ಜಿಯ ಅಡುಗೆಮನೆ. ಒರಳು, ಒಲೆ, ಅಜ್ಜಿಯ ಕೈ, ಎಲ್ಲವೂ ಚೆನ್ನಾಗಿತ್ತು, ಆದರೆ ಒಂದರಲ್ಲೂ ಅಜ್ಜಿ ಪೂರ್ತಿ ಇರಲಿಲ್ಲ. "ಎಷ್ಟು ಹಿಂದೆ ಹೋದರೂ ಬೆನ್ನು ಗೋಡೆಗೆ ತಾಗುತ್ತೆ ಚಿಕ್ಕಮ್ಮ" ಅಂದಳು. ಟೇಪ್ ಬಿಚ್ಚಿ, 18ಕ್ಕೆ ತಿರುಗಿಸಿ, ಮತ್ತೆ ಸುತ್ತಿ ಕೊಟ್ಟೆ.