ಹೊಸ ಫೋನ್ ತುಂಬಿಸಿ, ಬಿಸಿಲಿಗೆ ಇಟ್ಟು ನೋಡಿದೆ

ದಾವಣಗೆರೆಯಲ್ಲಿ ನಮ್ಮದು ಬಿಸ್ಕೆಟ್, ಸೋಪಿನ ಏಜೆನ್ಸಿ. ಎಂಟು ಹುಡುಗರು ಅಂಗಡಿ ಅಂಗಡಿಗೆ ಆರ್ಡರ್ ಹಿಡಿಯಲು ಲೈನಿಗೆ ಹೋಗುತ್ತಾರೆ, ಹರಿಹರ, ಮಲೇಬೆನ್ನೂರು, ಚನ್ನಗಿರಿ ಕಡೆ. ಆರ್ಡರ್ ಹಾಕುವುದು ಆ್ಯಪಿನಲ್ಲೇ, ಫೋನ್ ಕೊಡಿಸುವುದು ನಾವೇ. ನಾಲ್ಕು ವರ್ಷದಲ್ಲಿ ಫೋನಿಗೇ ಎರಡು ಲಕ್ಷದ ಹತ್ತಿರ ಹೋಗಿದೆ. ಅದರಲ್ಲಿ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೇ ಆಯಿತು.

ಮೊದಲ ಸಲ ತಂದಿದ್ದು ಎಂಟು ಫೋನ್, ಒಂದಕ್ಕೆ ಎಂಟೂವರೆ ಸಾವಿರದ ಲೆಕ್ಕ. ಬೆಂಚ್‌ಮಾರ್ಕ್ ಸ್ಕೋರ್ (ಫೋನಿನ ವೇಗಕ್ಕೆ ಕೊಡುವ ಅಂಕ) ನೋಡಿದೆ, ಡಬ್ಬದ ಮೇಲೆ 8 ಜಿಬಿ ರ‍್ಯಾಮ್ ಅಂತ ಇತ್ತು, ತಗೊಂಡೆ. ನಿಜವಾದ ರ‍್ಯಾಮ್ 4, ಉಳಿದ 4 ವರ್ಚುವಲ್, ಅಂದರೆ ಸ್ಟೋರೇಜಿನಿಂದ ಎರವಲು. ಮೊದಲ ಎರಡು ತಿಂಗಳು ಯಾವ ತಕರಾರೂ ಇರಲಿಲ್ಲ. ಐದನೇ ತಿಂಗಳಿಗೆ ಹುಡುಗರು ಗೊಣಗಲು ಶುರು ಮಾಡಿದರು. ನಾನು ನಂಬಲಿಲ್ಲ. ಒಂದು ದಿನ ನಾನೇ ಮಲೇಬೆನ್ನೂರು ಲೈನಿಗೆ ಹೋದೆ. ಕಿರಾಣಿ ಅಂಗಡಿಯ ಅಜ್ಜ ಆರ್ಡರ್ ಹೇಳುತ್ತಿದ್ದಾರೆ. ನಮ್ಮ ಹುಡುಗ ಸ್ಕೀಮ್ ಫೋಟೊ ತೋರಿಸಲು ವಾಟ್ಸಾಪಿಗೆ ಹೋಗಿ ವಾಪಸ್ ಬಂದ. ಆ್ಯಪ್ ಮೊದಲಿನಿಂದ ತೆರೆಯಿತು. ಅಲ್ಲಿಯವರೆಗೆ ಹಾಕಿದ್ದ ಹನ್ನೊಂದು ಐಟಂ ಮಾಯ. ಬಿಳಿ ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತಿದೆ. "ಏನಪ್ಪಾ ತಮ್ಮ, ಇನ್ನೂ ತಿರುಗ್ತಾನೇ ಐತಾ?" ಅಂದವರೇ ಅಜ್ಜ ಪಕ್ಕದಲ್ಲಿ ನಿಂತಿದ್ದ ಬೇರೆ ಕಂಪನಿಯವನ ಕಡೆ ತಿರುಗಿದರು. ಅವತ್ತು ಮೂರು ಸಾವಿರದ ಬಿಲ್ ನನ್ನ ಕಣ್ಣೆದುರೇ ಹೋಯಿತು.

ಆ ಫೋನ್ ತೆಗೆದು ನೋಡಿದರೆ 64 ಜಿಬಿಯಲ್ಲಿ ಉಳಿದಿದ್ದು 4 ಜಿಬಿ. ಎಲ್ಲ ವಾಟ್ಸಾಪ್ ಫೋಟೊ, ರ‍್ಯಾಕ್ ಫೋಟೊ. ನಾನು ಖಾಲಿ ಫೋನ್ ನೋಡಿ ಕೊಂಡಿದ್ದೆ, ಹುಡುಗರು ತುಂಬಿದ ಫೋನಲ್ಲಿ ಕೆಲಸ ಮಾಡುತ್ತಿದ್ದರು.

ಸರಿ, ಸ್ಟೋರೇಜ್ ಸ್ಪೀಡ್ ನೋಡೋಣ ಅಂತ ಕಂಪ್ಯೂಟರಿನಿಂದ ಕೇಬಲ್ ಹಾಕಿ ಫೈಲ್ ಕಾಪಿ ಮಾಡಿದೆ. ಯಾವ ಫೋನ್ ಹಾಕಿದರೂ ಸೆಕೆಂಡಿಗೆ 30–35 ಎಂಬಿ. ಎಲ್ಲವೂ ಒಂದೇ ಅಂದುಕೊಂಡು ಕಡಿಮೆ ಬೆಲೆಯವು ಮೂರು ತಂದೆ. ಇನ್ನೊಂದು 27 ಸಾವಿರ ಹೋಯಿತು. ಆಮೇಲೆ ಗೊತ್ತಾಯಿತು, ಈ ಬೆಲೆಯ ಫೋನುಗಳಲ್ಲಿ ಯುಎಸ್‌ಬಿ 2.0 ಇರುತ್ತದೆ. ನಾನು ಅಳೆದಿದ್ದು ಕೇಬಲಿನ ಸ್ಪೀಡ್.

ಈಗ ಮಾಡುವುದು ಹೀಗೆ. ಮಾಡೆಲ್ ಆರಿಸಿದ ಮೇಲೆ ಒಂದೇ ಒಂದು ಪೀಸ್ ತರುತ್ತೇನೆ. ಫೋನಿನ ಒಳಗೇ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ, 4 ಜಿಬಿ ವಿಡಿಯೊ ಕಾಪಿ ಮಾಡುತ್ತೇನೆ. ಸ್ಟೋರೇಜ್ ಚಿಪ್ಪಿನಲ್ಲಿ ಎರಡು ಬಗೆ, ಹಳೆಯ ಇಎಂಎಂಸಿ, ಹೊಸ ಯುಎಫ್‌ಎಸ್. ಇಎಂಎಂಸಿ 5.1 ಇದ್ದರೆ 40 ಸೆಕೆಂಡಿನ ಮೇಲೆ, ಯುಎಫ್‌ಎಸ್ 2.2 ಇದ್ದರೆ 12ರ ಆಸುಪಾಸು. ಯುಎಫ್‌ಎಸ್ ಓದುವುದು, ಬರೆಯುವುದು ಎರಡನ್ನೂ ಒಟ್ಟಿಗೆ ಮಾಡುತ್ತದೆ, ಇಎಂಎಂಸಿ ಒಂದಾದ ಮೇಲೆ ಒಂದು. ಅದಕ್ಕೇ ಒಳಗಿನ ಕಾಪಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಆಮೇಲೆ ಫೋನನ್ನು 85 ಪರ್ಸೆಂಟ್ ತುಂಬಿಸುತ್ತೇನೆ. ತುಂಬಿಸಲು ನನ್ನದೊಂದು ಫೋಲ್ಡರ್ ಇದೆ, ಚಿಕ್ಕ ಫೈಲ್ ಎಷ್ಟು, ದೊಡ್ಡದು ಎಷ್ಟು ಅನ್ನುವುದು ಮುಖ್ಯ. ಆ ಲೆಕ್ಕ ಕೂರಿಸಲು ನನಗೆ ಒಂದು ವರ್ಷ ಹಿಡಿಯಿತು, ಅದನ್ನು ಮಾತ್ರ ಇಲ್ಲಿ ಬಿಚ್ಚಿಡಲ್ಲ. ತುಂಬಿದ ಮೇಲೆ ಅದೇ ಕಾಪಿ ಮತ್ತೆ. ಒಂದು ಇಎಂಎಂಸಿ ಫೋನ್ ಎರಡು ನಿಮಿಷ ದಾಟಿಸಿತು.

ನಂತರ ಸುತ್ತು. ಆರ್ಡರ್ ಆ್ಯಪಿನಲ್ಲಿ ಹತ್ತು ಐಟಂ ಹಾಕು, ವಾಟ್ಸಾಪ್, ಮ್ಯಾಪ್, ಯುಪಿಐ, ಕ್ಯಾಮೆರಾದಲ್ಲಿ ಮೂರು ಫೋಟೊ, ಕ್ರೋಮ್, ವಾಪಸ್ ಆರ್ಡರ್ ಆ್ಯಪ್. ಐಟಂ ಹಾಗೇ ಇದ್ದರೆ ಪಾಸ್. ತೆರೆದ ಆ್ಯಪನ್ನು ಹಿಡಿದಿಟ್ಟುಕೊಳ್ಳುವುದು ರ‍್ಯಾಮ್. 4 ಜಿಬಿ ರ‍್ಯಾಮಿನ ಫೋನ್ ಒಂದೂ ಪಾಸಾಗಿಲ್ಲ, ನಿಜವಾದ 6 ಜಿಬಿ ಇದ್ದವು ಹೆಚ್ಚುಕಮ್ಮಿ ಎಲ್ಲವೂ ಪಾಸ್.

ಕೊನೆಗೆ ಬಿಸಿಲು. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ. ಮಧ್ಯಾಹ್ನ ಒಂದು ಗಂಟೆಗೆ ಬೈಕ್ ಹ್ಯಾಂಡಲಿಗೆ ಸಿಕ್ಕಿಸಿ, ಮ್ಯಾಪ್ ಹಾಕಿಕೊಂಡು ಬಾತಿ ಕಡೆ ಇಪ್ಪತ್ತು ನಿಮಿಷ ಓಡಿಸಿ, ನಿಂತ ಕೂಡಲೇ ಅದೇ ಸುತ್ತು. ಒಂದು ಫೋನ್ ನೆರಳಲ್ಲಿ 45 ಸೆಕೆಂಡಿಗೆ ಮುಗಿಸಿದ್ದನ್ನು ಬಿಸಿಲಲ್ಲಿ 80 ಮಾಡಿತು, ಸ್ಕ್ರೀನೂ ಮಂಕಾಯಿತು. ಪ್ರೊಸೆಸರಿನ ಎಂಟಕ್ಕೆ ಎಂಟೂ ಕೋರ್ ಹಳೆಯ, ನಿಧಾನದ ಎ53 ಆಗಿರುವ ಫೋನನ್ನು ನಾನೀಗ ಸ್ಯಾಂಪಲಿಗೂ ತರುವುದಿಲ್ಲ. ಚುರುಕಿನ ಎ76 ಅಥವಾ ಎ78 ಕೋರ್ ಎರಡಾದರೂ ಇರಬೇಕು.

ಮಧ್ಯೆ ವರ್ಚುವಲ್ ರ‍್ಯಾಮನ್ನೂ ಬಿಡದೆ ಪರೀಕ್ಷಿಸಿದೆ. ಆನ್ ಮಾಡಿದರೆ ಐಟಂ ಕೆಲವೊಮ್ಮೆ ಉಳಿಯಿತು, ಆದರೆ ಆ್ಯಪ್ ವಾಪಸ್ ಬರಲು ಆರು ಸೆಕೆಂಡು. ಆ 4 ಜಿಬಿ ಬರುವುದು ಸ್ಟೋರೇಜಿನಿಂದಲೇ, ಅದು ನಿಧಾನ ಇದ್ದ ಮೇಲೆ ಇನ್ನೇನು? ಅನಿಮೇಷನ್ ಸ್ಕೇಲನ್ನು (ಸ್ಕ್ರೀನ್ ಬದಲಾಗುವಾಗಿನ ಚಲನೆಯ ಅವಧಿ) 0.5, ಅಂದರೆ ಅರ್ಧ ಮಾಡಿ ನೋಡಿದೆ. ಕೈಗೆ ಚುರುಕು ಅನ್ನಿಸುತ್ತದೆ, ಸ್ಟಾಪ್‌ವಾಚಲ್ಲಿ ಒಂದು ಸೆಕೆಂಡೂ ಉಳಿಯಲಿಲ್ಲ.

ಫೇಲಾದ ಸ್ಯಾಂಪಲ್ ಮೂರು. ಮಾರಿದಾಗ ತಲಾ ಒಂದೂವರೆ ಸಾವಿರ ಕೈಬಿಟ್ಟಿತು. ನಾಲ್ಕನೆಯದು ಪಾಸಾಯಿತು, 6 ಜಿಬಿ, ಯುಎಫ್‌ಎಸ್, ಹನ್ನೊಂದೂವರೆ ಸಾವಿರ. ಅದೇ ಮಾಡೆಲ್ ಇನ್ನೂ ಏಳು ತಂದೆ. ಏಜೆನ್ಸಿ ಹೆಸರಿಗೆ ಜಿಎಸ್‌ಟಿ ಬಿಲ್ ಹಾಕಿಸಿಕೊಳ್ಳಿ, 18% ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸುಮ್ನೆ ಬಿಡಬೇಡಿ.

ಮಂಡಿಪೇಟೆಯಲ್ಲಿ ನನ್ನ ಹಾಗೇ ಏಜೆನ್ಸಿ ನಡೆಸುವ ಒಬ್ಬ ಅಣ್ಣ ಆಗ ಅಂದಿದ್ದು, "ಹುಡುಗರ ಫೋನಿಗೆ ಇಷ್ಟೆಲ್ಲಾ ಯಾಕಪ್ಪಾ, ಮೂರು ಸಾವಿರ ಜಾಸ್ತಿ ಕೊಟ್ಟು ಕೆಟ್ಟೆ." ಎರಡು ವರ್ಷ ಆಗುತ್ತಾ ಬಂತು. ಎಂಟರಲ್ಲಿ ಏಳು ಇವತ್ತಿಗೂ ಲೈನಿನಲ್ಲಿವೆ, ಒಂದು ಬಿದ್ದು ಡಿಸ್‌ಪ್ಲೇ ಹೋಯಿತು ಅಷ್ಟೆ. ಅದೇ ಅವಧಿಯಲ್ಲಿ ಅವರು ಎರಡು ಸಲ ಫೋನ್ ಬದಲಿಸಿದರು. ಮೊನ್ನೆ ಎರಡು ಹೊಸ ಫೋನ್ ಕವರಿನಲ್ಲಿ ಹಾಕಿಕೊಂಡು ಬಂದು ನನ್ನ ಟೇಬಲ್ ಮೇಲಿಟ್ಟರು. ಒಂದು ಈಗ ತುಂಬುತ್ತಿದೆ, 71 ಜಿಬಿ ಆಗಿದೆ. ನಾಳೆ ಮಧ್ಯಾಹ್ನ ಬಿಸಿಲಿಗೆ.