ಜಾರುವ ಕ್ಲಚ್ಚು, ಬಿಡದ ಕ್ಲಚ್ಚು: ಹಳೇ ಬುಲೆಟ್ ಬಿಚ್ಚಿದ ನನ್ನ ಅನುಭವ

ಹಳೇ ಬುಲೆಟ್‌ನ ಕ್ಲಚ್ ಜಾರುತ್ತಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಪ್ಲೇಟ್ ಹೋಗಿದೆ, ಬದಲಾಯಿಸಿ." ನನ್ನ ಗಾಡಿಗೂ ಹಾಗೇ ಹೇಳಿದರು. ಆದರೆ ಅದಕ್ಕೆ ಇದ್ದ ಮೂಲ ತೊಂದರೆ ಜಾರುವುದಲ್ಲ, ಲಿವರ್ ಹಿಡಿದರೂ ಕ್ಲಚ್ ಪೂರ್ತಿ ಬಿಡದೇ ಇರುವುದು. ಯಾರೋ ಆ ತೊಂದರೆಗೆ ಮಾಡಿದ ಔಷಧಿಯಿಂದಲೇ ಕ್ಲಚ್ ಜಾರಲು ಶುರುವಾಗಿತ್ತು. ಇದು ಗೊತ್ತಾಗಲು ಸ್ವಲ್ಪ ತಾಳ್ಮೆ ಬೇಕಾಯಿತು.

ನಾನು ಗ್ಯಾರೇಜಿನವನಲ್ಲ. ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ ಇದೆ. ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಕೈ ಪಳಗಿದೆ, ಅಷ್ಟೇ. ಗಾಡಿ 1978ರ ಬುಲೆಟ್ 350. ಎರಕದ ಕಬ್ಬಿಣದ ಬೋರು, 346 ಸಿಸಿ, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದ ಇಂಜಿನ್ ಇದು. ಹಾಗಾಗಿ ಇದನ್ನು ಕಲಿತರೆ ಎಷ್ಟೋ ಗಾಡಿಗಳನ್ನು ಕಲಿತ ಹಾಗೆ. ಗೌರಿಬಿದನೂರಿನ ಒಂದು ಮನೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ ಇದು. ನನ್ನ ಕೈಗೆ ಬರುವ ಮೊದಲೇ ಬೇರೆಯವರು ಕೈಯಾಡಿಸಿದ್ದರು.

ಊರೊಳಗೆ ಏನೂ ಗೊತ್ತಾಗುತ್ತಿರಲಿಲ್ಲ. ನಂದಿ ಗ್ರಾಮ ದಾಟಿ ಬೆಟ್ಟದ ರಸ್ತೆ ಹಿಡಿದರೆ ಬಂಡವಾಳ ಬಯಲಾಗುತ್ತಿತ್ತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಇದು ಸ್ಲಿಪ್. ಇನ್ನೊಂದು ಗುರುತು ಕಿಕ್ಕರ್‌ನಲ್ಲಿದೆ. ಈ ಗಾಡಿಯಲ್ಲಿ ಕಿಕ್ ಹೊಡೆದ ಬಲ ಗೇರ್‌ಬಾಕ್ಸ್ ಮೂಲಕ ಕ್ಲಚ್ ದಾಟಿಯೇ ಇಂಜಿನ್‌ಗೆ ಹೋಗಬೇಕು. ಕ್ಲಚ್ ಜಾರಿದರೆ ಕಿಕ್ಕರ್ ಸಲೀಸಾಗಿ ಕೆಳಗಿಳಿಯುತ್ತದೆ, ಪಿಸ್ಟನ್ ಅಲ್ಲಾಡಲ್ಲ. ನನ್ನ ಗಾಡಿಯಲ್ಲಿ ಎರಡೂ ಇತ್ತು.

ವಿಚಿತ್ರ ಅಂದರೆ, ಬೆಳಗ್ಗೆ ಚಳಿಯಲ್ಲಿ ಇದರ ಉಲ್ಟಾ ಆಗುತ್ತಿತ್ತು. ಕ್ಲಚ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕಿದರೆ "ಖಟ್" ಅಂತ ಎಗರುವುದು. ಸಿಗ್ನಲ್‌ನಲ್ಲಿ ನಿಂತರೆ ನ್ಯೂಟ್ರಲ್ ಸಿಗಲ್ಲ. ಹಿಡಿದರೆ ಬಿಡಲ್ಲ, ಬಿಟ್ಟರೆ ಹಿಡಿಯಲ್ಲ. ಪ್ಲೇಟ್ ಸವೆದದ್ದೊಂದೇ ಕಾರಣ ಆಗಿದ್ದರೆ ಬರೀ ಜಾರಬೇಕಿತ್ತು, ಅಲ್ವಾ? ಎರಡೂ ಒಟ್ಟಿಗೆ ಇದ್ದದ್ದೇ ನನಗೆ ದಾರಿ ತೋರಿಸಿತು.

ಬಿ.ಬಿ. ರಸ್ತೆಯ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಹೋಗಿ ಹೇಳಿದೆ. ಅವರು ಗಾಡಿ ಮುಟ್ಟುವ ಮೊದಲು ಕ್ಲಚ್ ಲಿವರ್‌ನ ಬುಡ ಅಲ್ಲಾಡಿಸಿ ನೋಡಿದರು. "ಪ್ಲೇ ಎಲ್ಲಿದೆಯಪ್ಪಾ? ಕೇಬಲ್ ಎಳೆದು ಕಟ್ಟಿಬಿಟ್ಟವ್ರೆ" ಅಂದರು. ನಿಜ. ಲಿವರ್ ಬುಡದಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕಾದ ಕಡೆ ಏನೇನೂ ಇರಲಿಲ್ಲ.

ಆಮೇಲೆ ಎಲ್ಲ ಕೂಡಿಬಂತು. ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಅಂತ ಯಾರೋ ಕೇಬಲ್ ಬಿಗಿ ಮಾಡಿದ್ದಾರೆ, ಪ್ಲೇಟ್ ಇನ್ನಷ್ಟು ದೂರ ಸರಿಯಲಿ ಅಂತ. ಆ ಬಿಗಿಗೆ ಒಳಗಿನ ಕ್ಲಚ್ ರಾಡ್, ಸ್ಪ್ರಿಂಗ್ ಬಲದಿಂದ ಪ್ಲೇಟುಗಳನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟನ್ನು ಸದಾ ಸ್ವಲ್ಪ ಹೊರಕ್ಕೆ ಒತ್ತಿಕೊಂಡೇ ಇದೆ. ಅಂದರೆ ಗಾಡಿ ಓಡುವಾಗೆಲ್ಲ ಅರ್ಧ ಕ್ಲಚ್ ಹಿಡಿದ ಹಾಗೆ. ಏರು ಬಂದರೆ ಜಾರದೆ ಇರುತ್ತದೆಯೇ? ಜಾರಿದರೆ ಶಾಖ, ಶಾಖಕ್ಕೆ ಪ್ಲೇಟ್ ಸೊಟ್ಟ. ಸೊಟ್ಟ ಆದರೆ ಮತ್ತೆ ಬಿಡಲ್ಲ. ಮತ್ತೆ ಕೇಬಲ್ ಬಿಗಿ.

ಮೊದಲು ಏನನ್ನೂ ಬಿಚ್ಚದೆ ಅಡ್ಜಸ್ಟ್ ಮಾಡಿದೆ. ಹ್ಯಾಂಡಲ್ ಕಡೆಯ ಕೇಬಲ್ ಅಡ್ಜಸ್ಟರನ್ನು ಪೂರ್ತಿ ಸಡಿಲ ಮಾಡಬೇಕು. ಗೇರ್‌ಬಾಕ್ಸಿನ ಬಲಗಡೆ ಚಿಕ್ಕ ಮುಚ್ಚಳ ತೆಗೆದರೆ ಒಳಗೆ ಸ್ಕ್ರೂ ಮತ್ತು ಲಾಕ್ ನಟ್ ಸಿಗುತ್ತದೆ. ಲಾಕ್ ನಟ್ ಸಡಿಲಿಸಿ, ಸ್ಕ್ರೂ ರಾಡ್‌ಗೆ ತಾಗುವ ತನಕ ಮೆಲ್ಲಗೆ ಒಳಗೆ ತಿರುಗಿಸಿ. ತಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು ಲಾಕ್ ಮಾಡಿ. ಉಳಿದ ಸಡಿಲವನ್ನು ಮಾತ್ರ ಹ್ಯಾಂಡಲ್ ಕಡೆ ತೆಗೆಯಬೇಕು. ತುಂಬಾ ಜನ ಹ್ಯಾಂಡಲ್ ಕಡೆಯದನ್ನೊಂದೇ ತಿರುಗಿಸುತ್ತಾರೆ, ಗೇರ್‌ಬಾಕ್ಸ್ ಕಡೆ ಮುಟ್ಟುವುದೇ ಇಲ್ಲ.

ಇಷ್ಟಕ್ಕೇ ಜಾರುವುದು ಮುಕ್ಕಾಲು ಪಾಲು ನಿಂತಿತು. ಆದರೆ ಬಿಡದೇ ಇರುವುದು ಜಾಸ್ತಿ ಆಯಿತು. ಇದನ್ನು ಕಂಡು ನನಗೆ ಬೇಜಾರಾಗಲಿಲ್ಲ. ಮರೆಯಾಗಿದ್ದ ಮೂಲ ತೊಂದರೆ ಈಗ ಎದುರಿಗೆ ಬಂದು ನಿಂತಿತ್ತು.

ಈಗ ಕ್ಲಚ್ಚು ಮತ್ತು ಇಂಜಿನ್‌ನಿಂದ ಅದಕ್ಕೆ ಬರುವ ಚೈನು ಇರುವ ಎಡಗಡೆಯ ಚೈನ್ ಕೇಸ್ ಬಿಚ್ಚಬೇಕಾಯಿತು. ಕೆಳಗೆ ಹಳೇ ಬೇಸಿನ್ ಇಟ್ಟು, ಎಡ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದೆ. ಹೊರಗಿನ ಕವರ್ ನಿಂತಿರುವುದು ಮಧ್ಯದ ಒಂದೇ ಒಂದು ನಟ್ ಮೇಲೆ. ಹೊರಗೆ ಬಂದ ಆಯಿಲ್ ಕಪ್ಪಗೆ, ಅಂಟಂಟಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ಗೇರ್‌ಬಾಕ್ಸಿಗೆ ಹಾಕುವ ದಪ್ಪ ಆಯಿಲ್ ತಂದು ಇಲ್ಲಿ ಸುರಿದಿದ್ದರು. ದಪ್ಪ ಆಯಿಲ್ ಚಳಿಯಲ್ಲಿ ಪ್ಲೇಟುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಬೆಳಗಿನ ಚಳಿ ಕಡಿಮೆಯೇನಲ್ಲ.

ಪ್ಲೇಟ್ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿದೆ. ಕವರ್ ತೆಗೆದಿರುವಾಗಲೇ ನನ್ನ ಮಗನಿಗೆ ಕ್ಲಚ್ ಹಿಡಿಯಲು ಹೇಳಿ, ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ, ಪ್ರೆಶರ್ ಪ್ಲೇಟ್‌ನ ಅಂಚನ್ನೇ ನೋಡುತ್ತಾ ಕೂತೆ. ಅದು ಸುತ್ತಲೂ ಸಮನಾಗಿ ಹೊರಗೆ ಬರಬೇಕು. ಬರಲಿಲ್ಲ. ಒಂದು ಕಡೆ ಎದ್ದು, ಇನ್ನೊಂದು ಕಡೆ ಕೂತೇ ಇತ್ತು. ಕೂತ ಕಡೆ ಪ್ಲೇಟುಗಳು ಉಜ್ಜಿಕೊಂಡು ತಿರುಗುತ್ತಿದ್ದವು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಆದರೂ ಇದನ್ನು ಮಾಡದೇ ಹೊಸ ಪ್ಲೇಟ್ ಹಾಕಿ ಕವರ್ ಮುಚ್ಚುವವರೇ ಜಾಸ್ತಿ. ದಯವಿಟ್ಟು ಮಾಡಿ ನೋಡಿ.

ಪ್ರೆಶರ್ ಪ್ಲೇಟ್ ಕಡೆಯ ಮೂರು ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಚ್ಚಿದೆ. ಸ್ಪ್ರಿಂಗ್‌ಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಎತ್ತರ ಒಂದೇ ಇಲ್ಲ ಅನ್ನುವುದು ಕಣ್ಣಿಗೇ ಕಂಡಿತು. ಸೆಟ್ ಪೂರ್ತಿ ಹೊಸದು ಹಾಕಬೇಕು, ಕುಳ್ಳಾದ ಒಂದನ್ನು ಮಾತ್ರ ಬದಲಾಯಿಸಿದರೆ ಮತ್ತೆ ಓರೆಯೇ.

ಆಮೇಲೆ ಪ್ಲೇಟುಗಳನ್ನು ಹಿಡಿದಿಟ್ಟಿರುವ ದೊಡ್ಡ ಸರ್ಕ್ಲಿಪ್ (ಉಕ್ಕಿನ ಬಳೆ) ತೆಗೆದು ಪ್ಲೇಟುಗಳನ್ನು ಒಂದೊಂದಾಗಿ ಹೊರಗೆ ತಂದು, ಬಂದ ಕ್ರಮದಲ್ಲೇ, ಬಂದ ಮುಖದಲ್ಲೇ ಪೇಪರ್ ಮೇಲೆ ಜೋಡಿಸಿದೆ. ಇದು ಮುಖ್ಯ. ಈ ಕ್ಲಚ್ಚಿನಲ್ಲಿ ಕೆಲವು ಉಕ್ಕಿನ ಪ್ಲೇಟುಗಳನ್ನು ಮಾಡುವಾಗಲೇ ತಟ್ಟೆಯಂತೆ ಬಾಗಿಸಿರುತ್ತಾರೆ. ಸೊಟ್ಟ ಆಗಿದೆ ಅಂತ ಬಡಿದು ನೇರ ಮಾಡಲು ಹೋಗಬೇಡಿ. ಚಪ್ಪಟೆ ಇರಬೇಕಾದ ಭಾಗವನ್ನು ಮಾತ್ರ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಬೇಕು. ನನ್ನದರಲ್ಲಿ ಒಂದು ಪ್ಲೇಟ್ ಶಾಖಕ್ಕೆ ನೀಲಿ ತಿರುಗಿ, ಅಲೆ ಎದ್ದಿತ್ತು. ಅದನ್ನು ಬಿಸಾಡಿದೆ. ಉಳಿದವುಗಳ ಹೊಳಪು ಹೋಗುವ ತನಕ ಉಪ್ಪುಕಾಗದದಲ್ಲಿ ಸುತ್ತು ಸುತ್ತಾಗಿ ಉಜ್ಜಿದೆ. ಲೈನಿಂಗ್ (ಹಿಡಿತ ಕೊಡುವ ಪದರ) ಇರುವ ಪ್ಲೇಟುಗಳ ದಪ್ಪ ಚೆನ್ನಾಗಿತ್ತು, ಹಾಗೇ ಇಟ್ಟುಕೊಂಡೆ. ಎಲ್ಲರೂ "ಹೋಗಿದೆ" ಅಂದಿದ್ದು ಇವನ್ನೇ!

ಬೆರಳಿಗೆ ಸಿಕ್ಕಿದ ಇನ್ನೊಂದು ದೋಷ ಕ್ಲಚ್ ಡ್ರಮ್ಮಿನ ಸೀಳಿನಲ್ಲಿತ್ತು. ಪ್ಲೇಟುಗಳ ಅಂಚಿನಲ್ಲಿ ಚಾಚಿರುವ ಕಿವಿ ಕೂರುವ ಜಾಗ ಅದು. ವರ್ಷಗಟ್ಟಲೆ ಬಡಿದು ಬಡಿದು ಅಲ್ಲಿ ಕಚ್ಚು ಬಿದ್ದಿತ್ತು. ಕ್ಲಚ್ ಹಿಡಿದಾಗ ಪ್ಲೇಟ್ ಸರಿಯಲು ನೋಡುತ್ತದೆ, ಕಿವಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಅರ ಹಿಡಿದು ಅಂಚನ್ನು ಸಮ ಮಾಡಿದೆ. ಕಚ್ಚು ಆಳವಿದ್ದರೆ ಅರ ಹಾಕಬೇಡಿ, ಕಿವಿಗೂ ಡ್ರಮ್ಮಿಗೂ ಜಾಗ ಜಾಸ್ತಿಯಾಗಿ ಇನ್ನೂ ಬೇಗ ಬಡಿಯುತ್ತದೆ. ಆಗ ಡ್ರಮ್ಮೇ ಬದಲಾಯಿಸಬೇಕು.

ಕ್ಲಚ್ ರಾಡ್ ತುದಿಯೂ ನೀಲಿಯಾಗಿ ಸವೆದಿತ್ತು. ಸದಾ ಒತ್ತಿಕೊಂಡು ತಿರುಗಿದ್ದಕ್ಕೆ ಅದೇ ಸಾಕ್ಷಿ. ರಾಡ್, ಸ್ಪ್ರಿಂಗ್ ಸೆಟ್, ಒಂದು ಉಕ್ಕಿನ ಪ್ಲೇಟ್, ಕವರಿನ ರಬ್ಬರ್ ಸೀಲ್. ಇಷ್ಟನ್ನು ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದೆ. ಹಳೇದನ್ನು ಜೊತೆಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕೊಟ್ಟೆ. ಬೇರೆ ಬೇರೆ ಮಾಡೆಲ್‌ಗಳದ್ದು ನೋಡಲು ಒಂದೇ ಥರ ಇರುತ್ತದೆ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ ಅಷ್ಟೇ. ಲೈನಿಂಗ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಹೊಸ ಆಯಿಲ್‌ನಲ್ಲಿ ನೆನೆಹಾಕಿದ್ದೆ. ಮೂರು ಸ್ಕ್ರೂಗಳನ್ನು ಸರದಿಯಂತೆ ಬಿಗಿ ಮಾಡಿ, ಮತ್ತೆ ಮಗನಿಗೆ ಕ್ಲಚ್ ಹಿಡಿಸಿ ಅಂಚು ನೋಡಿದೆ. ಈ ಸಲ ಸುತ್ತಲೂ ಸಮ. ಚೈನಿನ ಸಡಿಲವನ್ನೂ ಆಗಲೇ ನೋಡಿಬಿಡಿ, ಸುಮಾರು ಕಾಲು ಇಂಚು ಆಡಬೇಕು. ಕವರಿನ ನಟ್ ಸೋರುತ್ತದೆ ಅಂತ ಜೋರಾಗಿ ಬಿಗಿ ಮಾಡಿದರೆ ಕವರ್ರೇ ಬಾಗಿ ಇನ್ನೂ ಸೋರುತ್ತದೆ. ಸೀಲ್ ಹೊಸದಿದ್ದರೆ ಹದವಾದ ಬಿಗಿ ಸಾಕು. ಆಯಿಲನ್ನು ಗಾಡಿ ನೆಟ್ಟಗೆ ನಿಂತಿರುವಾಗ ಲೆವೆಲ್ ಸ್ಕ್ರೂ ತನಕ ಹಾಕಿ, ಜಾಸ್ತಿ ಬೇಡ.

ಬೆಟ್ಟದ ತಿರುವುಗಳಲ್ಲಿ ಈಗ ಮೂರನೇ ಗೇರಿನಲ್ಲೇ ಎಳೆಯುತ್ತದೆ. ನ್ಯೂಟ್ರಲ್ ಕಾಲಿಗೆ ತಾನಾಗೇ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗ್ಗೆ ಒಂದು ಕೆಲಸ ಮಾತ್ರ ತಪ್ಪಿಸಲ್ಲ: ಸ್ವಿಚ್ ಹಾಕದೆ ಕ್ಲಚ್ ಹಿಡಿದು, ಕಿಕ್ಕರ್ ಹಗುರ ಆಗುವ ತನಕ ಒತ್ತುತ್ತೇನೆ. ಅಂಟಿದ ಪ್ಲೇಟುಗಳು ಬಿಟ್ಟುಕೊಳ್ಳುತ್ತವೆ. ಕ್ಲಚ್ ಬಿಚ್ಚಿ ಜೋಡಿಸಿದ ಹೊಸದರಲ್ಲಿ ಪ್ಲೇಟುಗಳು ಕೂತಂತೆ ಲಿವರಿನ ಪ್ಲೇ ಕಡಿಮೆ ಆಗುತ್ತಾ ಬರುತ್ತದೆ. ಆಗ ಕೇಬಲ್ಲನ್ನು ಸಡಿಲ ಮಾಡಬೇಕು, ಬಿಗಿ ಅಲ್ಲ.