ಗೇರ್‌ಬಾಕ್ಸ್ ಲೈಟು ಮತ್ತು ಒಂದು ಅರ್ಥಿಂಗ್ ಬೋಲ್ಟು: ನನ್ನ ಅನುಭವ

ಒಂದು ಕಾರಿನ ಗೇರ್‌ಬಾಕ್ಸ್ ರಿಪೇರಿಗೆ ಹೈದರಾಬಾದಿನಲ್ಲಿ 2.25 ಲಕ್ಷ ಅಂದಿದ್ದರಂತೆ. ಮೆಕಾಟ್ರಾನಿಕ್, ಅಂದರೆ ಗೇರು ಬದಲಿಸುವ ಕಂಪ್ಯೂಟರು-ವಾಲ್ವುಗಳ ಯೂನಿಟ್ಟು, ಹೋಗಿದೆ, ಪೂರ್ತಿ ಬದಲಾಯಿಸಬೇಕು, ಲೇಬರ್ ಬೇರೆ. ಅದೇ ಕಾರು ನನ್ನ ಶೆಡ್ಡಿನಲ್ಲಿ ಸರಿಯಾಯಿತು. ಕೊನೆಗೆ ಬೇಕಾದ ಸಾಮಾನಿನ ಖರ್ಚು 300 ರೂಪಾಯಿ ದಾಟಲಿಲ್ಲ. ಅಲ್ಲಿಗೆ ಮುಟ್ಟುವ ಮುಂಚೆ ನಾನು ಸುಟ್ಟ ದುಡ್ಡಿನ ಲೆಕ್ಕ ಬೇರೆ ಇದೆ, ಅದನ್ನೂ ಹೇಳುತ್ತೇನೆ.

ಕಾರು ಜರ್ಮನಿಯದು. ಎರಡೇ ಬಾಗಿಲು, ಆರು ಗೇರಿನ ಡಬಲ್ ಕ್ಲಚ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುವ ತರಹದ್ದು. ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ. ಓನರು ಕಪನೂರ ಕಡೆಯ ದಾಲ್ ಮಿಲ್ಲಿನವರ ಹುಡುಗ. ಮುಂಬೈನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ, 13 ಲಕ್ಷವೋ 14 ಲಕ್ಷವೋ ಕೊಟ್ಟು. ನಮ್ಮ ಕಲಬುರಗಿ ರಸ್ತೆಗೆ ಇಷ್ಟು ತಗ್ಗಿನ ಗಾಡಿ ಯಾಕೆ ಬೇಕಿತ್ತು ತಮ್ಮಾ ಅಂದರೆ ನಗುತ್ತಾನೆ ಅಷ್ಟೇ.

ಕಂಪ್ಲೇಂಟು ಹೀಗಿತ್ತು. ಬೆಳಿಗ್ಗೆ ಗಾಡಿ ಬೆಣ್ಣೆ. ಮಧ್ಯಾಹ್ನ ಎಸಿ ಹಾಕಿಕೊಂಡು ಸೂಪರ್ ಮಾರ್ಕೆಟ್ ಬಜಾರಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಗೇರ್‌ಬಾಕ್ಸ್ ಲೈಟು ಹತ್ತುತ್ತದೆ, ಮೀಟರಿನಲ್ಲಿ ಗೇರಿನ ಅಕ್ಷರಗಳು ಮಿಣಮಿಣ ಅನ್ನುತ್ತವೆ, ಗಾಡಿ ಜಗ್ಗುತ್ತದೆ. ಆಫ್ ಮಾಡಿ ಐದು ನಿಮಿಷ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಹೊರಡುತ್ತದೆ. ಗಾಡಿಯ ಕಂಪ್ಯೂಟರಿಗೆ ಹಚ್ಚಿ ನೋಡುವ ಸ್ಕ್ಯಾನರಿನಲ್ಲಿ ಎರಡು ದೋಷದ ಕೋಡು, ಪಿ0706 ಮತ್ತು ಪಿ0562. ಮೊದಲನೆಯದು ಗೇರು ಯಾವ ಸ್ಥಾನದಲ್ಲಿದೆ ಅಂತ ತಿಳಿಸುವ ಗೇರ್ ರೇಂಜ್ ಸೆನ್ಸರಿನದು, ಎಲ್ಲರೂ ಅದನ್ನೇ ಹಿಡಿದುಕೊಂಡು ಮೆಕಾಟ್ರಾನಿಕ್ ಅಂದರು. ಎರಡನೆಯದು ವೋಲ್ಟೇಜ್ ಕಡಿಮೆ ಅನ್ನುವುದು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಮೊದಲು ಬ್ಯಾಟರಿ ಹಳೆಯದು ಅಂದುಕೊಂಡು ಬಿಟ್ಟೆ. ಹೊಸ ಬ್ಯಾಟರಿ ಹಾಕಿದೆ, 14 ಸಾವಿರದ ಹತ್ತಿರ. ಮಾರನೇ ದಿನ ಮಧ್ಯಾಹ್ನ ಒಂದೂವರೆಗೆ ಹುಡುಗನ ಫೋನು, "ಉಸ್ತಾದ್, ಮತ್ತ ಬಂತ್ರಿ."

ಆಮೇಲೆ ಎಣ್ಣೆಗೆ ಕೈ ಹಾಕಿದೆ. ಬಿಸಿಯಾದಾಗ ಬರುತ್ತದೆ ಅಂದರೆ ಎಣ್ಣೆಯೇ ಇರಬೇಕು ಅನ್ನಿಸುವುದು ಸಹಜ ಅಲ್ವಾ. ಐದು ಲೀಟರು ಚಿಲ್ಲರೆ ಎಣ್ಣೆ, ಫಿಲ್ಟರು, ವಾಷರು ಎಲ್ಲ ಸೇರಿ 11 ಸಾವಿರ ಚಿಲ್ಲರೆ. ಇಲ್ಲಿ ಒಂದು ಮಾತು. ಈ ಬಾಕ್ಸಿನಲ್ಲಿ ಲೆವೆಲ್ ನೋಡುವುದು ಇಂಜಿನ್ ಓಡುತ್ತಿರುವಾಗ, ಎಣ್ಣೆ 35ರಿಂದ 45 ಡಿಗ್ರಿ ನಡುವೆ ಇರುವಾಗ. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ಡೇ 42 ಇರುತ್ತದೆ. ಸ್ಟಾರ್ಟ್ ಮಾಡಿ ಕೆಳಗೆ ತೂರುವಷ್ಟರಲ್ಲಿ ಎಣ್ಣೆ 50ಕ್ಕೆ ಹೋಗಿರುತ್ತದೆ! ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ. ಕೊನೆಗೆ ರಾತ್ರಿ ಗಾಡಿಯನ್ನು ಹೊರಗೆ ನಿಲ್ಲಿಸಿ ಬೆಳಗಿನ ಐದಕ್ಕೆ ಎದ್ದು ಬಂದು ಲೆವೆಲ್ ಮಾಡಿದೆ. ಕೆಲಸ ಚೊಕ್ಕವಾಗಿ ಆಯಿತು, ಗೇರು ಇನ್ನೂ ನಯವಾಯಿತು. ಲೈಟು ಮಾತ್ರ ಹೋಗಲಿಲ್ಲ.

ನಡುವೆ ಇಲಿಯ ಪ್ರಕರಣ ಬೇರೆ. ಗಾಡಿ ನಿಲ್ಲುವುದು ದಾಲ್ ಮಿಲ್ಲಿನ ಗೋದಾಮಿನ ಪಕ್ಕ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಬೊಗಸೆ ತೊಗರಿ, ಜೊತೆಗೆ ಚಿಂದಿ ಬಟ್ಟೆ. ಸಿಕ್ಕಿತು ಕಳ್ಳ ಅಂತ ಎರಡು ದಿನ ವೈರಿಂಗ್ ಪೂರ್ತಿ ಬಿಚ್ಚಿ ನೋಡಿದೆ. ವಾಷರ್ ಪಂಪಿನ ಒಂದು ವೈರು ಕಡಿದಿತ್ತು. ಅಷ್ಟೇ. ಎರಡು ದಿನ ಹೋಯಿತು.

ಈ ಹೊತ್ತಿಗೆ ಸುತ್ತಲಿನ ಶೆಡ್ಡಿನವರೆಲ್ಲ ಚಹಾ ಕುಡಿಯಲು ಬಂದಾಗ ಇದೇ ಮಾತು. "ಅಣ್ಣಾ, ಸುಮ್ನ ಹೈದರಾಬಾದಿಗೆ ಕಳಸ್ರಿ, ಇದು ನಮ್ಮ ಕೆಲಸ ಅಲ್ಲ." ನನಗೂ ಹಟ ಬಂತು.

ಕೋಡು ಅಳಿಸಿದೆ. ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಸಿಗುತ್ತಿರುವ ವೋಲ್ಟೇಜ್ ಲೈವ್ ಹಾಕಿದೆ, ಮೀಟರನ್ನು ಬ್ಯಾಟರಿ ಮೇಲೆ ಇಟ್ಟೆ. ಎರಡನ್ನೂ ಒಟ್ಟಿಗೆ ನೋಡುತ್ತಾ ಕುಳಿತೆ. ಎಸಿ ಇಲ್ಲದಾಗ ಎರಡೂ ಕಡೆ ಸುಮಾರು ಒಂದೇ. ಎಸಿ ಹಾಕಿ ಇಂಜಿನ್ ಕಾಯಲು ಬಿಟ್ಟೆ. ರೇಡಿಯೇಟರ್ ಫ್ಯಾನು ಜೋರು ಸ್ಪೀಡಿಗೆ ಎದ್ದ ಕ್ಷಣ ಬ್ಯಾಟರಿಯಲ್ಲಿ 13.6, ಸ್ಕ್ಯಾನರಿನಲ್ಲಿ ಹತ್ತಕ್ಕೂ ಕೆಳಗೆ ಇಳಿದು ಮತ್ತೆ ಹತ್ತೂವರೆಗೆ ಬಂದು ನಿಂತಿತು. ಮೂರು ವೋಲ್ಟು ಎಲ್ಲಿ ಹೋಯಿತು?

ಅರ್ಥಿಂಗ್ ಅಂತ ಹೊಳೆಯಿತು, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಜಂಪರ್ ಕೇಬಲ್ ತಂದು ಬ್ಯಾಟರಿ ನೆಗೆಟಿವ್‌ನಿಂದ ನೇರ ಗೇರ್‌ಬಾಕ್ಸ್ ಬಾಡಿಗೆ ಹಾಕಿದೆ. ಏನೂ ಬದಲಾಗಲಿಲ್ಲ. ನೋಡುತ್ತಿದ್ದ ಇಬ್ಬರು ನಕ್ಕರು, ನಾನೂ ಆ ದಿನ ಅಂಗಡಿ ಮುಚ್ಚಿದೆ. ರಾತ್ರಿ ಊಟಕ್ಕೆ ಕುಳಿತಾಗ ತಲೆಗೆ ಬಂತು. ಈ ಕಂಪ್ಯೂಟರು ಬಾಕ್ಸಿಗೆ ಬೋಲ್ಟ್ ಆಗಿದ್ದರೂ ಅದರ ಅರ್ಥಿಂಗ್ ಬಾಕ್ಸಿನಿಂದ ಬರುವುದಿಲ್ಲ, ವೈರಿನಲ್ಲಿ ಗಾಡಿಯ ಬಾಡಿಗೆ ಹೋಗುತ್ತದೆ. ನಾನು ತಪ್ಪು ಜಾಗಕ್ಕೆ ಕೇಬಲ್ ಹಾಕಿದ್ದೆ.

ಮಾರನೇ ದಿನ ಬ್ಯಾಟರಿ ಎತ್ತಿ ಅದರ ಕೆಳಗಿನ ಟ್ರೇ ಬಿಚ್ಚಿದೆ. ಹೊಸ ಬ್ಯಾಟರಿ ಹಾಕುವಾಗ ಟ್ರೇ ಬಿಚ್ಚದೆ ಬಿಟ್ಟಿದ್ದೆ, ಅದು ನನ್ನ ಸೋಮಾರಿತನ. ಕೆಳಗೆ ಒಂದೇ ಬೋಲ್ಟಿಗೆ ಮೂರು ಲಗ್ಗು, ಅಂದರೆ ವೈರಿನ ತುದಿಯ ಲೋಹದ ಬಳೆ. ಒಂದು ಫ್ಯಾನಿನದು, ಒಂದು ಗೇರ್‌ಬಾಕ್ಸಿನದು, ಇನ್ನೊಂದು ಹೆಡ್‌ಲೈಟಿನದು ಇರಬೇಕು. ಮೇಲಿನಿಂದ ನೋಡಿದರೆ ಎಲ್ಲ ಚೆಂದ. ನಟ್ಟು ಬಿಚ್ಚಿ ಲಗ್ಗು ಎತ್ತಿದರೆ ಕೆಳಗೆ ಸುಣ್ಣದ ಪುಡಿಯಂಥದು, ಅಂಚಿನಲ್ಲಿ ಹಸಿರು. ಹಿಂದಿನ ಯಾವುದೋ ಬ್ಯಾಟರಿಯ ಆಸಿಡ್ ಇಳಿದಿದೆ. ಫ್ಯಾನಿನ ಲಗ್ಗಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆ ಸೀದು ಕಂದು ಬಣ್ಣಕ್ಕೆ ತಿರುಗಿತ್ತು. ಫ್ಯಾನು 30-35 ಆಂಪಿಯರ್ ಎಳೆಯುತ್ತದೆ. ಅಷ್ಟೂ ಕರೆಂಟು ಆ ಪುಡಿಯ ಮೂಲಕ ವಾಪಸ್ ಬರಬೇಕು, ಅದೇ ಬೋಲ್ಟಿಗೆ ನೇತುಬಿದ್ದ ಗೇರ್‌ಬಾಕ್ಸ್ ಕಂಪ್ಯೂಟರು ಉಪವಾಸ ಬೀಳುತ್ತದೆ.

ಇಲ್ಲೇ ಎಲ್ಲರೂ ಮೋಸ ಹೋಗುವುದು. ಬಿಚ್ಚುವ ಮುಂಚೆ ಅದೇ ಬೋಲ್ಟಿಗೆ ನಾನು ಓಮ್ಸ್ ನೋಡಿದ್ದೆ, ಬೀಪ್ ಬಂತು, ಬರೋಬರಿ ತೋರಿಸಿತು. ಇಲ್ಲಿನ ಅಡ್ಡಿ ಹತ್ತನೇ ಒಂದು ಓಮ್ ಇದ್ದರೆ ಹೆಚ್ಚು. 600 ರೂಪಾಯಿಯ ಮೀಟರಿನ ವೈರಿಗೇ ಅದಕ್ಕಿಂತ ಜಾಸ್ತಿ ಇರುತ್ತದೆ. ಅದಕ್ಕೇ ಲೋಡು ಹಾಕಿ, ಫ್ಯಾನು ತಿರುಗುವಾಗ ಬ್ಯಾಟರಿ ನೆಗೆಟಿವ್‌ಗೂ ಲಗ್ಗಿಗೂ ನಡುವೆ ವೋಲ್ಟೇಜ್ ನೋಡಬೇಕು. ನನಗೆ ಮೂರು ಚಿಲ್ಲರೆ ಬಂತು. ಸರಿ ಮಾಡಿದ ಮೇಲೆ 0.1ರ ಒಳಗೆ. ಕನೆಕ್ಟರ್ ಬಿಚ್ಚದೆ, ವೈರಿಗೆ ತೂತು ಹಾಕದೆ ಕಂಪ್ಯೂಟರಿನ ಪಿನ್ನಿಗೆ ಮೀಟರ್ ಮುಟ್ಟಿಸಿಯೂ ಖಾತ್ರಿ ಮಾಡಿಕೊಂಡೆ. ಅದನ್ನು ಹೇಗೆ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎಮರಿ ಪೇಪರಿನಿಂದ ಬರಿ ಲೋಹ ಕಾಣುವ ತನಕ ಉಜ್ಜಿದೆ, ಮೂರು ಲಗ್ಗೂ ಹೊಸದು, ಗೇರ್‌ಬಾಕ್ಸಿನದನ್ನು ಬೇರೆ ಬೋಲ್ಟಿಗೆ ಹಾಕಿದೆ. ಮೇಲೆ ಹಚ್ಚಿದ್ದು ಗ್ರೀಸ್ ಅಲ್ಲ, ಏನು ಅಂತ ಕೇಳಬೇಡಿ.

ಹುಮ್ನಾಬಾದಿಗೆ ಹೋಗಿ ಬಂದೆವು, ಎಸಿ ಫುಲ್. ಆಮೇಲೆ ಬೇಕಂತಲೇ ಮಧ್ಯಾಹ್ನ ಎರಡಕ್ಕೆ ಸೂಪರ್ ಮಾರ್ಕೆಟಿನಲ್ಲಿ ಅರ್ಧ ಗಂಟೆ ನಿಂತೆವು. ಲೈಟು ಇಲ್ಲ.

ಆ ವಾರ ಹುಚ್ಚು ಹಿಡಿದವನ ಹಾಗೆ ಶೆಡ್ಡಿಗೆ ಬಂದ ಗಾಡಿಗಳಿಗೆಲ್ಲ ಇದೇ ಟೆಸ್ಟ್ ಹಾಕಿದೆ. ಒಂದು ಗೂಡ್ಸ್ ಆಟೋದ ಹೆಡ್‌ಲೈಟಿಗೆ ಒಂದೂವರೆ ವೋಲ್ಟು ಅರ್ಥಿಂಗಿನಲ್ಲೇ ಹೋಗುತ್ತಿತ್ತು. ಅವನು ಮೂರು ಸಲ ಬಲ್ಬು ಬದಲಾಯಿಸಿದ್ದನಂತೆ. ಟ್ರ್ಯಾಕ್ಟರೊಂದರಲ್ಲಿ ಸ್ಟಾರ್ಟರ್ ಎತ್ತುವಾಗ ಎರಡು ವೋಲ್ಟು.

ಹುಡುಗನಿಂದ ಎಣ್ಣೆ ದುಡ್ಡು, ಮೇಲೆ 6,500 ತೆಗೆದುಕೊಂಡೆ. ಬ್ಯಾಟರಿಯದು ಅರ್ಧ ನಾನೇ ಹೊತ್ತೆ, ಬೇಡದೆ ಹಾಕಿಸಿದ್ದು ನಾನೇ ಅಲ್ವಾ. ಎರಡು ವಾರ ಬಿಟ್ಟು ಸೋಲಾಪುರದ ದಾರಿಯಿಂದ ಫೋನು. "ಉಸ್ತಾದ್, ಲೈಟ್ ಬಂತ್ರಿ!" ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು. ಫೋಟೋ ಕಳಿಸು ಅಂದೆ. ಟೈರ್ ಪ್ರೆಷರಿನ ಲೈಟು.